ನೀರುಗಂಟಿ ಇಲ್ಲದ ಕೆರೆಗಳು

ಎಂ.ಬಿ.ಬಿ.ಎಸ್. ಮುಗಿಸಿ ಇಂಟರ್ನ್‌ಷಿಪ್ ಮಾಡುತ್ತಿದ್ದ ದಿನಗಳಲ್ಲಿ ತುಮಕೂರು ಜಿಲ್ಲೆಯ ಪಾವಗಡದ ಕಡೆಯ ಹಳ್ಳಿಯೊಂದಕ್ಕೆ ಆರೋಗ್ಯ ಶಿಬಿರಕ್ಕೆಂದು ಹೋಗಿದ್ದೆವು. ಇನ್ನೂ ಐವತ್ತು ದಾಟದ ರೈತರೊಬ್ಬರು ಕತ್ತು ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸಿ ನನ್ನನ್ನು ನೋಡಿದರು. ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆ. ಕೊಳವೆ ಬಾವಿಯ ನೀರಿನಲ್ಲಿದ್ದ ಫ್ಲೋರೈಡ್ ಮೂಳೆಗೆ ಇಳಿದಿತ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಹಾಗೆ ಬಿಗಿದ ಬೆನ್ನುಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಆಗ ಇರಲಿಲ್ಲ, ಈಗಲೂ ಇಲ್ಲ. ಹೊರಗೆ ಬಂದರೆ ಊರ ಮುಂದೆ ದೊಡ್ಡ ಕೆರೆ. ಅದರ ತುಂಬ ಜಾಲಿ. ಆ ಕೆರೆಗೂ ಈ ಕತ್ತಿಗೂ ಇರುವ ನಂಟು ನನಗೆ ಹೊಳೆಯಲು ಬಹಳ ವರ್ಷ ಹಿಡಿಯಿತು.

ನಮ್ಮ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ಕೆಲಸಕ್ಕೆಂದು ಅದರ ಕೆಳಗಿನ ಗದ್ದೆಯಲ್ಲಿ ಪಾಲು ಬಿಟ್ಟುಕೊಡುವ ಏರ್ಪಾಡು ಅದು. ಹೂಳು ಸಾಗಿಸುವ ಬಂಡಿಗೆ ದತ್ತಿ ಬಿಟ್ಟದ್ದೂ ಉಂಟು. ಬೇಸಿಗೆಯಲ್ಲಿ ಎತ್ತಿದ ಹೂಳು ಹೊಲಕ್ಕೆ ಗೊಬ್ಬರ. ತೂಬು ತೆರೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವವನು ನೀರುಗಂಟಿ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಕಾಳು. ಶಾಸನಗಳಲ್ಲಿ ಪುಣ್ಯದ ಮಾತು ಧಾರಾಳವಾಗಿದೆ, ಆದರೆ ಕೆರೆ ಉಳಿದದ್ದು ಈ ಲೆಕ್ಕಾಚಾರದಿಂದ. ಇದನ್ನು ರಾಮರಾಜ್ಯವೆಂದು ಮಾತ್ರ ಭಾವಿಸಬೇಡಿ. ನೀರುಗಂಟಿ ಬಹುಮಟ್ಟಿಗೆ ದಲಿತ. ಊರಿಗೆಲ್ಲ ನೀರು ಹಂಚಿದವನು ಊರ ಬಾವಿ ಮುಟ್ಟುವಂತಿರಲಿಲ್ಲ.

1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ, ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು ಬೆರಗಾಗಿದ್ದ. ಆದರೆ ಅಷ್ಟರಲ್ಲೇ, 1856ರಲ್ಲಿ, ಲೋಕೋಪಯೋಗಿ ಇಲಾಖೆ ಬಂದಿತ್ತು. ದೊಡ್ಡ ರಿಪೇರಿ ಸರಕಾರದ್ದು, ಸಣ್ಣ ರಿಪೇರಿ ರೈತರದ್ದು ಎಂದಾಯಿತು. ಕಂದಾಯ ಕಟ್ಟುವ ನಾವೇ ಮಣ್ಣನ್ನೂ ಏಕೆ ಹೊರಬೇಕು ಎಂದು ರೈತರು ಕೇಳಿದರೆ ತಪ್ಪೇನು? 1911ರಲ್ಲಿ ಮೈಸೂರು ಸಂಸ್ಥಾನ ಕೆರೆ ಪಂಚಾಯಿತಿಗಳ ಕಾನೂನು ಮಾಡಿತು; ಅದು ಹೆಚ್ಚು ಬೇರು ಬಿಡಲಿಲ್ಲ. ಸ್ವಾತಂತ್ರ್ಯಾನಂತರ ಇನಾಮು ಹೋಯಿತು, 1961ರ ಕಾಯಿದೆಯಿಂದ ವಂಶಪಾರಂಪರ್ಯ ಗ್ರಾಮ ಚಾಕರಿಯೂ ಹೋಯಿತು. ಹೋಗಬೇಕಾದದ್ದೇ. ತಪ್ಪಾದದ್ದು ಇನ್ನೊಂದು ಕಡೆ: ಆ ಕೆಲಸಕ್ಕೆ ಸಂಬಳ ಕೊಟ್ಟು ಬೇರೊಬ್ಬರನ್ನು ನಿಲ್ಲಿಸುವುದು ಯಾರಿಗೂ ನೆನಪಾಗಲಿಲ್ಲ.

ಆಮೇಲೆ ಕೊಳವೆ ಬಾವಿ, ಪಂಪ್‌ಸೆಟ್, 1990ರ ದಶಕದಲ್ಲಿ ಪುಕ್ಕಟೆ ಕರೆಂಟು. ನೀರೆತ್ತಲು ಬೆಲೆಯಿಲ್ಲ, ಕೆರೆ ಕಾಯಲು ಕೂಲಿಯಿಲ್ಲ ಎಂದ ಮೇಲೆ ರೈತ ಏನು ಮಾಡಿಯಾನು? ಕೊರೆದ. ಗ್ರಾನೈಟಿನ ಬಿರುಕುಗಳಲ್ಲಿ ಬಹುಕಾಲ ನಿಂತ ಆಳದ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಪಾವಗಡದ ಆ ಕತ್ತು ನೆಟ್ಟಗಾದದ್ದು ಹೀಗೆ.

ಬಯಲುಸೀಮೆಯ ಇನ್ನೊಂದು ತುದಿಯಾದ ಕೋಲಾರದಲ್ಲಿ ಕೊಳವೆ ಬಾವಿಗಳು ಸಾವಿರ ಅಡಿ ದಾಟಿವೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಪೈಪಿನಲ್ಲಿ ತಂದು ಅಲ್ಲಿನ ಕೆರೆಗಳಿಗೆ ಬಿಡುತ್ತಿದ್ದಾರೆ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಬೇಕೆಂದು ಅಲ್ಲಿನವರು ಕೇಳುತ್ತ ಬಂದಿದ್ದಾರೆ; ವೈದ್ಯನಾಗಿ ನಾನೂ ಅವರ ಪಕ್ಷ. ಆ ನೀರು ಅಂತರ್ಜಲಕ್ಕೆ ಮಾತ್ರ, ಕೆರೆಯಿಂದ ನೇರವಾಗಿ ಯಾರೂ ಎತ್ತುವಂತಿಲ್ಲ ಎಂಬುದು ನಿಯಮ. ಹೀಗಾಗಿ ಎಷ್ಟೋ ವರ್ಷಗಳ ಮೇಲೆ ಕೆರೆ ತುಂಬಿದೆ, ತೂಬು ಮುಚ್ಚಿದೆ, ನೀರುಗಂಟಿಗೆ ಅಲ್ಲಿ ಕೆಲಸವಿಲ್ಲ.