ಆಫ್ಸ್‌ಮಿ: ಅಮೆರಿಕದ ಸರ್ಕಾರಿ ನೌಕರರ ಸಂಘ

ಅಮೆರಿಕದ ರಾಜ್ಯ, ಕೌಂಟಿ ಮತ್ತು ನಗರಾಡಳಿತಗಳ ನೌಕರರ ಸಂಘಟನೆ ಆಫ್ಸ್‌ಮಿ. ಗುಮಾಸ್ತರು, ದಾದಿಯರು, ಗ್ರಂಥಪಾಲಕರು, ಜೈಲು ಸಿಬ್ಬಂದಿ, ಪೌರಕಾರ್ಮಿಕರು ಎಲ್ಲರೂ ಇದರಲ್ಲಿದ್ದಾರೆ.

ಹುಟ್ಟು

1932, ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್. ದೇಶ ಆರ್ಥಿಕ ಮಹಾಕುಸಿತದಲ್ಲಿ ನರಳುತ್ತಿತ್ತು. ಸರ್ಕಾರ ಬದಲಾದರೆ ಪರೀಕ್ಷೆ ಬರೆದು ಸೇರಿದವರನ್ನು ಕಿತ್ತು, ಗೆದ್ದ ಪಕ್ಷದವರನ್ನು ತುಂಬುತ್ತಾರೆಂಬ ಭಯ ಕಚೇರಿಗಳಲ್ಲಿ ಹಬ್ಬಿತು. ಅರ್ಹತೆಯ ನೇಮಕಾತಿಯನ್ನು ಉಳಿಸಿಕೊಳ್ಳಲು ಕೆಲವೇ ನೌಕರರು ಸಂಘ ಕಟ್ಟಿದರು. ಸಂಬಳದ ಬೇಡಿಕೆ ಆಮೇಲಿನದು. 1936ರಲ್ಲಿ ಅದು ರಾಷ್ಟ್ರಮಟ್ಟದ ಸಂಘವಾಗಿ ಮಾನ್ಯತೆ ಪಡೆಯಿತು. ಆರ್ನಾಲ್ಡ್ ಝಾಂಡರ್ ಮೊದಲ ಅಧ್ಯಕ್ಷರು.

ಕಾನೂನಿನ ತೊಡಕು

ಖಾಸಗಿ ಕಾರ್ಮಿಕರಿಗೆ ಸಾಮೂಹಿಕ ಚೌಕಾಶಿಯ ಹಕ್ಕು ಕೊಟ್ಟ 1935ರ ವ್ಯಾಗ್ನರ್ ಕಾಯ್ದೆ ಸರ್ಕಾರಿ ನೌಕರರನ್ನು ಹೊರಗಿಟ್ಟಿತ್ತು. ಮನವಿ ಕೊಡಬಹುದಿತ್ತು, ಒಪ್ಪಂದ ಕೇಳುವಂತಿರಲಿಲ್ಲ. 1959ರಲ್ಲಿ ವಿಸ್ಕಾನ್ಸಿನ್ ರಾಜ್ಯವೇ ಮೊದಲು ಸ್ಥಳೀಯ ಸಂಸ್ಥೆಗಳ ನೌಕರರಿಗೆ ಆ ಹಕ್ಕು ಕೊಟ್ಟಿತು. 1964ರಲ್ಲಿ ಝಾಂಡರ್ ಅವರನ್ನು ಸೋಲಿಸಿ ಅಧ್ಯಕ್ಷರಾದ ಜೆರ್ರಿ ವರ್ಫ್, ಬೀದಿಗಿಳಿಯಲು ಹಿಂಜರಿಯದವರು.

ಮೆಂಫಿಸ್, 1968

ಈ ಸಂಘದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅಧ್ಯಾಯವಿಲ್ಲ. ಫೆಬ್ರುವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದಲ್ಲಿ ನಿಂತಿದ್ದ ಮೆಂಫಿಸ್ ನಗರದ ಪೌರಕಾರ್ಮಿಕರಾದ ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಕಸ ಒತ್ತುವ ಯಂತ್ರಕ್ಕೆ ಸಿಕ್ಕಿ ಸತ್ತರು. ಫೆಬ್ರುವರಿ 12ರಿಂದ ಸುಮಾರು 1,300 ಪೌರಕಾರ್ಮಿಕರು ಮುಷ್ಕರ ಹೂಡಿದರು. ಹೆಚ್ಚುಕಡಿಮೆ ಎಲ್ಲರೂ ಕಪ್ಪು ಜನ. ಅವರ ಫಲಕಗಳಲ್ಲಿ ಇದ್ದದ್ದು ಕೂಲಿಯ ಮೊತ್ತವಲ್ಲ, ‘ನಾನು ಮನುಷ್ಯ’ ಎಂಬ ಮಾತು. ಸಂಘಕ್ಕೆ ಮಾನ್ಯತೆ ಕೊಡಲು ಮೇಯರ್ ಹೆನ್ರಿ ಲೋಬ್ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಬೆಂಬಲಕ್ಕೆಂದು ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲಿಯೇ ಗುಂಡಿಗೆ ಬಲಿಯಾದರು. ಏಪ್ರಿಲ್ 16ರಂದು ನಗರಾಡಳಿತ ಸಂಘವನ್ನು ಮಾನ್ಯ ಮಾಡಿ ಕೂಲಿ ಹೆಚ್ಚಿಸಿತು. ಇಬ್ಬರು ಕಾರ್ಮಿಕರ ಸಾವಿನ ಬಳಿಕವೂ ಕಿವಿಗೊಡದ ಆಡಳಿತ ಮಣಿದದ್ದು ಕಿಂಗ್ ಸಾವಿನ ನಂತರ.

ಬೆಳವಣಿಗೆ, ಹಿನ್ನಡೆ

1978ರಲ್ಲಿ ನ್ಯೂಯಾರ್ಕ್ ರಾಜ್ಯದ ದೊಡ್ಡ ನೌಕರರ ಸಂಘ ಸೇರಿಕೊಂಡಿತು. ಸದಸ್ಯಬಲ ಸುಮಾರು 10 ಲಕ್ಷ ಮುಟ್ಟಿತು. 2012ರಲ್ಲಿ ಲೀ ಸಾಂಡರ್ಸ್ ಸಂಘದ ಮೊದಲ ಕಪ್ಪು ಅಧ್ಯಕ್ಷರಾದರು.

ಪೆಟ್ಟು ಬಿದ್ದದ್ದು ತವರಿನಲ್ಲೇ. 2011ರಲ್ಲಿ ವಿಸ್ಕಾನ್ಸಿನ್ ತಂದ ‘ಆ್ಯಕ್ಟ್ 10’, ಬಹುಪಾಲು ಸರ್ಕಾರಿ ನೌಕರರ ಚೌಕಾಶಿಯನ್ನು ಮೂಲ ವೇತನಕ್ಕಷ್ಟೇ ಮಿತಿಗೊಳಿಸಿತು. 2018ರ ‘ಜೇನಸ್’ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸದಸ್ಯರಲ್ಲದ ಸರ್ಕಾರಿ ನೌಕರರಿಂದ ಸಂಘಗಳು ಕಡ್ಡಾಯವಾಗಿ ಶುಲ್ಕ ಪಡೆಯುವುದನ್ನು 5–4ರ ಬಹುಮತದಿಂದ ನಿಷೇಧಿಸಿತು. ಒಪ್ಪಂದದ ಲಾಭ ಎಲ್ಲರಿಗೂ ಸಿಗುತ್ತದೆ, ಖರ್ಚು ಮಾತ್ರ ಸದಸ್ಯರದು. ಅಂದಿನಿಂದ ಸಂಘದ ಕಾರ್ಯಕರ್ತರು ನೌಕರರನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತಾಡಿಸಿ, ಸದಸ್ಯರಾಗಲು ಒಪ್ಪಿಸಬೇಕಾಗಿದೆ.