ಬಾಜಿ ಹೋದ ದಾರಿ, ಪಂದ್ಯ ಬಂದ ದಾರಿ

ಕನ್ನಡದವರು ಬಾಜಿ ಕಟ್ಟುತ್ತಾರೆ. ಕಾಶಿಯವರು ಅದನ್ನು ಆಡುತ್ತಾರೆ, ಹಚ್ಚುತ್ತಾರೆ, ಹೊಡೆಯುತ್ತಾರೆ, ಮಗುಚಿಯೂ ಹಾಕುತ್ತಾರೆ. ಗೆದ್ದರೆ ‘ಬಾಜೀ ಮಾರ್ ಲೀ’. ಸೋಲಿನ ಅಂಚಿನಿಂದ ಎದ್ದು ಬಂದು ಗೆದ್ದರೆ ‘ಬಾಜೀ ಪಲಟ್ ದೀ’. ನಮ್ಮಲ್ಲಿ ಯಾರಾದರೂ ‘ಬಾಜಿ ಕಟ್ತೀಯೇನೋ?’ ಎಂದರೆ ಮರುಮಾತು ‘ಎಷ್ಟು?’ ಎಂದೇ. ಅಲ್ಲಿ ‘ಏಕ್ ಬಾಜೀ ಹೋ ಜಾಯೇ’ ಎಂದರೆ ಚದುರಂಗದ ಹಾಸು ಬಿಚ್ಚಿಕೊಳ್ಳುತ್ತದೆ. ದುಡ್ಡು ಇದ್ದರೂ ಇರಬಹುದು, ಇಲ್ಲದಿದ್ದರೂ ಆಟ ನಿಲ್ಲುವುದಿಲ್ಲ.

ಪಾರಸಿಯಲ್ಲಿ ‘ಬಾಜೀ’ ಎಂದರೆ ಆಟ, ಅಷ್ಟೆ. ಮಕ್ಕಳು ಅಂಗಳದಲ್ಲಿ ಆಡಿಕೊಳ್ಳುವುದೂ ಬಾಜಿಯೇ. ಅದರ ಮೂಲದ ‘ಬಾಖ್ತನ್’ ಎಂಬ ಕ್ರಿಯಾಪದಕ್ಕೆ ಆಡು ಎನ್ನುವ ಅರ್ಥದ ಪಕ್ಕದಲ್ಲೇ ಸೋಲು, ಕಳೆದುಕೊ ಎನ್ನುವ ಅರ್ಥವೂ ಇದೆ. ಆಡಲು ಇಳಿದವನು ಏನನ್ನೋ ಕಳೆದುಕೊಳ್ಳಲು ತಯಾರಾಗಿಯೇ ಇಳಿಯಬೇಕು ಎಂಬುದು ಆ ಧಾತುವಿನೊಳಗೇ ಕೂತಿದೆ. ಆ ಪದ ಕನ್ನಡಕ್ಕೆ ಬಂದು ಮುಟ್ಟುವ ಹೊತ್ತಿಗೆ ಆಟ ಉದುರಿಹೋಗಿ, ಕಳೆದುಕೊಳ್ಳುವ ದುಡ್ಡೊಂದೇ ಉಳಿಯಿತು.

ತಮಾಷೆಯೆಂದರೆ ನಮ್ಮದೇ ಪದವೊಂದು ಇದೇ ದಾರಿಯಲ್ಲಿ ಎದುರುಮುಖವಾಗಿ ನಡೆದಿದೆ. ‘ಪಂದ್ಯ’ ಹುಟ್ಟಿದ್ದು ಜೂಜಿನ ಮನೆಯಲ್ಲಿ. ಹಳೆಯ ಕನ್ನಡದಲ್ಲಿ ಪಂದ್ಯ ಎಂದರೆ ಒಡ್ಡಿದ ಹಣ. ತಮಿಳಿನ ಪಂದಯಂ, ತೆಲುಗಿನ ಪಂದೆಂ ಅದರ ಒಡಹುಟ್ಟಿದವು. ಸಂಕ್ರಾಂತಿಯ ಹೊತ್ತಿಗೆ ಗೋದಾವರಿ ಸೀಮೆಯಲ್ಲಿ ಕೋಡಿ ಪಂದೇಲು ಎಂದರೆ ಕೋಳಿಗಳ ಮೇಲೆ ದುಡ್ಡು ಕಟ್ಟುವುದು ಎಂದು ಎಲ್ಲರಿಗೂ ಗೊತ್ತು. ಕನ್ನಡದ ಪಂದ್ಯ ಮಾತ್ರ ಮೈ ತೊಳೆದುಕೊಂಡು ಶಾಲೆಯ ಮೈದಾನಕ್ಕೆ ಬಂತು. ಪಂದ್ಯಾವಳಿಯಾಯಿತು, ಕ್ರೀಡಾ ಪುಟಗಳಲ್ಲಿ ಪಂದ್ಯ ಪುರುಷೋತ್ತಮನಾಯಿತು. ಅಕ್ಷರಶಃ ನೋಡಿದರೆ ಅದು ಜೂಜಿನಲ್ಲಿ ಉತ್ತಮನಾದವನಿಗೆ ಕೊಡಬೇಕಾದ ಬಿರುದು! ಹೀಗೆ ಆಟವಾಗಿದ್ದ ಬಾಜಿ ಪಣವಾಯಿತು, ಪಣವಾಗಿದ್ದ ಪಂದ್ಯ ಆಟವಾಯಿತು.

ಮೂರನೆಯದೊಂದಿದೆ. ಅರಬ್ಬಿಯ ‘ಶರ್ತ್’ ಬೆಂಗಳೂರಿಗೆ ಬಂದು ‘ಷರತ್ತು ಅನ್ವಯ’ ಎಂದು ಜಾಹೀರಾತಿನ ಬುಡದಲ್ಲಿ ಸಣ್ಣಕ್ಷರವಾಗಿ ಕೂತಿತು. ಕಾಶಿಯಲ್ಲಿ ಅದು ‘ಶರ್ತ್ ಲಗಾ ಲೋ’, ಎಂದರೆ ಕಟ್ಟು ಬಾಜಿ. ಬೆಳಗಾವಿ ಸೀಮೆಯಲ್ಲಿ ಮರಾಠಿಯ ನೆರವಿನಿಂದ ಅದು ‘ಶರ್ಯತ್ತು’ ಆಗಿ ಎತ್ತಿನ ಗಾಡಿಗಳನ್ನು ಓಡಿಸುತ್ತದೆ. ಕರಾರು, ಪಣ, ಓಟ, ಒಂದೇ ಪದಕ್ಕೆ ಮೂರು ಊರಿನಲ್ಲಿ ಮೂರು ಕೆಲಸ.

ಆಟ ಎಲ್ಲಿ ಮುಗಿಯುತ್ತದೆ, ಜೂಜು ಎಲ್ಲಿ ಶುರುವಾಗುತ್ತದೆ ಎಂಬ ಗೊಂದಲ ಪದಗಳಿಗಷ್ಟೇ ಅಲ್ಲ, ಕಾನೂನಿಗೂ ಇದೆ. 1867ರ ಸಾರ್ವಜನಿಕ ಜೂಜು ಕಾಯ್ದೆ ಬರೀ ಕೌಶಲದ ಆಟಗಳನ್ನು ಹೊರಗಿಟ್ಟಿತು. 1957ರಲ್ಲಿ ಕೌಶಲವೋ ಜೂಜೋ ಎಂಬ ಇದೇ ಪ್ರಶ್ನೆ ಹೊತ್ತು ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಬೆಂಗಳೂರಿನಿಂದ ಹೊರಡುತ್ತಿದ್ದ ಪತ್ರಿಕೆಯೊಂದರ ಬಹುಮಾನದ ಸ್ಪರ್ಧೆ. 1968ರಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಅದೇ ಕೋರ್ಟು ಹೇಳಿತು. 2021ರಲ್ಲಿ ಕರ್ನಾಟಕ ತನ್ನ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಬಾಜಿಯನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ತಂದ ಕಾಯ್ದೆ ಈ ಜಗಳವನ್ನೇ ಪಕ್ಕಕ್ಕೆ ಸರಿಸಿ, ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದೂ ಕೂಡದು ಎಂದಿತು. ನನಗೆ ಕಾಣುವಂತೆ ಕಾನೂನು ಕೇಳದೆ ಬಿಟ್ಟ ಪ್ರಶ್ನೆ ಇನ್ನೊಂದಿದೆ. ಕೌಶಲ ಇರುವುದು ಸರಿ, ಯಾರದ್ದು? ಪರರ ಕಾಲಿನ ಮೇಲೆ ದುಡ್ಡು ಕಟ್ಟುವವನೂ ತನ್ನ ಕಾಲನ್ನೇ ಪಣಕ್ಕಿಡುವವನೂ ಒಂದೇ ಹೆಸರಿಗೆ ಅರ್ಹರೇ?

ಪೈಲ್ವಾನ ಗಾಮಾ ಎರಡನೆಯ ಬಗೆಯವ. 1910ರಲ್ಲಿ ಲಂಡನ್ನಿಗೆ ಹೋದಾಗ, ಆಳು ಗಿಡ್ಡ ಎಂದು ಅಲ್ಲಿಯವರು ಮೊದಲು ಅವನನ್ನು ಕಣಕ್ಕೇ ಸೇರಿಸಲಿಲ್ಲ. ಯಾವ ತೂಕದವರೇ ಬರಲಿ, ಬಂದವರನ್ನು ಕೆಡವುತ್ತೇನೆ ಎಂದು ಅವನು ಸವಾಲೆಸೆದ. ಸೆಪ್ಟೆಂಬರ್ 10ರಂದು ಪೋಲೆಂಡಿನ ಝ್ಬಿಸ್ಕೊ ಎದುರು ನಿಂತಾಗ 250 ಪೌಂಡಿನ ಪಣವಿತ್ತು. ಝ್ಬಿಸ್ಕೊ ಎರಡೂವರೆ ಗಂಟೆಯ ಬಹುಪಾಲು ನೆಲಕ್ಕೆ ಕಚ್ಚಿಕೊಂಡು ಮಲಗಿ ತಪ್ಪಿಸಿಕೊಂಡ, ವಾರ ಬಿಟ್ಟು ಮತ್ತೆ ಸೇರಬೇಕಾದ ದಿನ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಎದುರಾದಾಗ ಗಾಮಾಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಕುಸ್ತಿಯ ಮಾತು ಬಂದರೆ ಕಾಶಿಯ ಇನ್ನೊಂದು ಪದ ಹೇಳದೆ ದಾಟಲಾಗದು: ‘ದಾಂವ್’. ಅಖಾಡದಲ್ಲಿ ದಾಂವ್ ಎಂದರೆ ನಮ್ಮ ಗರಡಿಯ ಪಟ್ಟು. ಜೂಜುಕಟ್ಟೆಯಲ್ಲಿ ದಾಂವ್ ಎಂದರೆ ಒಡ್ಡಿದ ಪಣ. ಮಕ್ಕಳ ಆಟದಲ್ಲಿ ದಾಂವ್ ಎಂದರೆ ಸರದಿ. ಕಾಶಿಯ ಪಕ್ಕದ ಲಮಹಿಯಲ್ಲಿ ಹುಟ್ಟಿದ ಪ್ರೇಮಚಂದರ ‘ಗುಲ್ಲಿ ಡಂಡಾ’ ಕಥೆ ನಿಂತಿರುವುದೇ ಈ ಮೂರನೆಯ ಅರ್ಥದ ಮೇಲೆ. ಚಿನ್ನಿದಾಂಡಿನಲ್ಲಿ ಊರಿಗೇ ಮೊದಲಿಗನಾದ ಗಯಾ ಎಂಬ ಬಡಹುಡುಗನಿಗೆ ದಾಂವ್ ಕೊಡದೆ ತಪ್ಪಿಸಿಕೊಳ್ಳಲು ನೋಡುವ ಹುಡುಗ, ಮುಂದೆ ಇಂಜಿನಿಯರನಾಗಿ ಮರಳುತ್ತಾನೆ. ಗಯಾ ಸಾಹೇಬರೊಬ್ಬರ ಕುದುರೆ ನೋಡಿಕೊಳ್ಳುವ ಆಳಾಗಿರುತ್ತಾನೆ. ಇಬ್ಬರೂ ಮತ್ತೆ ಆಡುತ್ತಾರೆ. ಇಂಜಿನಿಯರು ಎಷ್ಟು ಮೋಸ ಮಾಡಿದರೂ ಗಯಾ ತಕರಾರು ಎತ್ತುವುದಿಲ್ಲ, ಕೈಯೂ ಮೊದಲಿನಂತೆ ನಡೆಯುವುದಿಲ್ಲ. ಮರುದಿನ ಸರೀಕರ ಜೊತೆ ಅವನು ಆಡುವುದನ್ನು ಕಂಡಾಗಲೇ ಇಂಜಿನಿಯರಿಗೆ ಗೊತ್ತಾಗುವುದು, ನಿನ್ನೆಯದು ಆಟವೇ ಆಗಿರಲಿಲ್ಲ ಎಂದು. ತನ್ನ ಕೌಶಲವನ್ನು ಒಡ್ಡಲು ಎದುರಿಗೆ ಸರಿಸಮನಾದವನು ಬೇಕು. ದೊರೆಯ ಮುಂದೆ ಯಾರೂ ನಿಜವಾದ ಬಾಜಿ ಆಡುವುದಿಲ್ಲ.

ಸರೀಕರು, ದೊರೆಗಳು ಎಂದು ನೋಡದೆ ಎಲ್ಲರೆದುರೂ ಕೌಶಲವನ್ನು ಒಡ್ಡಿದವರು ಇದೇ ಕಾಶಿಯ ಹಾಕಿ ಆಟಗಾರ ಮೊಹಮ್ಮದ್ ಶಾಹಿದ್. 1960ರ ಏಪ್ರಿಲ್ 14ರಂದು ಕಾಶಿಯಲ್ಲಿ ಹುಟ್ಟಿ, ಲಖನೌದ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದು, 1979ರಲ್ಲಿ ಫ್ರಾನ್ಸಿನಲ್ಲಿ ನಡೆದ ಜೂನಿಯರ್ ವಿಶ್ವಕಪ್ ಆಡಿ, ಮರುವರ್ಷವೇ ಕರಾಚಿಯ ಚಾಂಪಿಯನ್ಸ್ ಟ್ರೋಫಿಯಲ್ಲಿ ಅತ್ಯುತ್ತಮ ಫಾರ್ವರ್ಡ್ ಎನಿಸಿಕೊಂಡರು. ಅವರು ದುಡ್ಡು ಕಟ್ಟಿ ಆಡಿದವರಲ್ಲ. ಅವರ ಪಣ ಕೋಲಿನ ತುದಿಯಲ್ಲಿತ್ತು.

ಡ್ರಿಬಲ್ ಎನ್ನುವುದೇ ಒಂದು ಬಾಜಿ. ಚೆಂಡು ಸಿಕ್ಕ ಕೂಡಲೇ ಪಕ್ಕದವನಿಗೆ ತಳ್ಳಿದರೆ ಯಾರೂ ಬೈಯುವುದಿಲ್ಲ. ಇಟ್ಟುಕೊಂಡು ಎದುರಾಳಿಯ ಮೇಲೇ ನುಗ್ಗಿದರೆ ಎರಡೇ ಫಲ: ದಾಟಿದರೆ ಎದುರಿನ ಗೋಡೆಯಲ್ಲಿ ಒಬ್ಬ ಕಮ್ಮಿ, ದಾಟದಿದ್ದರೆ ಚೆಂಡು ಅವರ ಪಾಲು, ತನ್ನವರೆಲ್ಲ ಮುಂದೆ ಹೋಗಿರುವ ಕಾರಣ ಹಿಂದೆ ಬಯಲು. ಶಾಹಿದ್ ಎರಡನೆಯದಕ್ಕೆ ಹೆದರುವ ಪೈಕಿಯಲ್ಲ. ಒಬ್ಬನನ್ನು ದಾಟಿ ಇನ್ನೊಬ್ಬನನ್ನು ಕರೆದುಕೊಳ್ಳುವವರಂತೆ ಆಡುತ್ತಿದ್ದರು. ತಳ್ಳುವುದಕ್ಕೂ ಹೊಡೆಯುವುದಕ್ಕೂ ನಡುವಿನ ಅವರ ಅರೆಹೊಡೆತದಲ್ಲಿ ಕೋಲು ಹಿಂದಕ್ಕೆ ಹೋಗುವುದು ಕಾಣದೇ ಇದ್ದುದರಿಂದ ಚೆಂಡು ಯಾವ ಗಳಿಗೆಯಲ್ಲಿ ಹೊರಟಿತೆಂದು ಎದುರಾಳಿಗೆ ತಿಳಿಯುತ್ತಿರಲಿಲ್ಲ. ಎಡಗಡೆ ಜೊತೆಯಾಟಗಾರ ಜಫರ್ ಇಕ್ಬಾಲ್ ಇದ್ದರಂತೂ ಚೆಂಡು ಇಬ್ಬರ ನಡುವೆ ಹೋಗಿಬಂದು ಮಾಡುತ್ತಿತ್ತು. ಚೆಂಡನ್ನು ತೀರಾ ಹೊತ್ತು ಇಟ್ಟುಕೊಳ್ಳುತ್ತಾರೆ ಎನ್ನುವ ದೂರು ಡ್ರಿಬಲ್ ಮಾಡುವ ಯಾರನ್ನೂ ಬಿಟ್ಟಿಲ್ಲ. ಬಾಜಿ ಆಡುವವನನ್ನು ಸೋತ ದಿನ ದುಡುಕ ಎನ್ನುವುದೂ ಗೆದ್ದ ದಿನ ಮಾಂತ್ರಿಕ ಎನ್ನುವುದೂ ಲೋಕರೂಢಿ.

1980ರ ಜುಲೈ 29, ಮಾಸ್ಕೋ. ಒಲಿಂಪಿಕ್ ಫೈನಲ್ಲಿನಲ್ಲಿ ಸ್ಪೇನಿನ ಎದುರು ಭಾರತ 3–0 ಮುಂದಿತ್ತು, ನೋಡನೋಡುತ್ತಿದ್ದಂತೆ 3–2 ಆಯಿತು. ಆಗ ಬಂದದ್ದು ಶಾಹಿದರ ಗೋಲು. ಆಮೇಲೆ ಸ್ಪೇನಿನ ಹುವಾನ್ ಅಮಾತ್ ತನ್ನ ಮೂರನೆಯ ಗೋಲು ಹೊಡೆದು ಅಂತರ ತಗ್ಗಿಸಿದ್ದರಿಂದ ಲೆಕ್ಕ 4–3ಕ್ಕೆ ನಿಂತಿತು. ಬಹಿಷ್ಕಾರದಿಂದಾಗಿ ಪಾಕಿಸ್ತಾನ, ಪಶ್ಚಿಮ ಜರ್ಮನಿ, ಆಸ್ಟ್ರೇಲಿಯಾ ಅಲ್ಲಿರಲಿಲ್ಲ, ಆಡಿದ್ದು ಆರೇ ತಂಡ, ಇದನ್ನೂ ಹೇಳಬೇಕು. ಆದರೂ ಅಂದಿನಿಂದ ಈವರೆಗೆ ನಮ್ಮ ಗಂಡಸರ ಹಾಕಿಗೆ ಇನ್ನೊಂದು ಒಲಿಂಪಿಕ್ ಚಿನ್ನ ಬಂದಿಲ್ಲ. ಆ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. 1988ರ ಸೋಲ್ ಒಲಿಂಪಿಕ್ಸಿಗೆ ಸೋಮಯ್ಯನವರೇ ನಾಯಕ, ಶಾಹಿದ್ ಅವರ ಕೈಕೆಳಗೆ ಆಡಿದರು.

ಮಾಸ್ಕೋದ ಮರುವರ್ಷ ಪದ್ಮಶ್ರೀ ಬಂತು. 1985–86ರಲ್ಲಿ ನಾಯಕತ್ವವೂ ಬಂತು. ರೈಲ್ವೆಯ ಕೆಲಸ ಹಿಡಿದು ಕಾಶಿಯ ಡೀಸೆಲ್ ಎಂಜಿನ್ ಕಾರ್ಖಾನೆಯಲ್ಲಿ ಕ್ರೀಡಾಧಿಕಾರಿಯಾಗಿ ಊರಲ್ಲೇ ಉಳಿದರು. 2016ರ ಜುಲೈ 20ರಂದು ಗುರುಗ್ರಾಮದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರಿಗೆ 56 ವರ್ಷ.

ತನ್ನದನ್ನು ತಾನು ಒಡ್ಡುವುದಕ್ಕೂ ನಮ್ಮ ಹೆಸರನ್ನು ಬೇರೆಯವರು ಒಡ್ಡುವುದಕ್ಕೂ ಇರುವ ಅಂತರ ಹಾಕಿಯಲ್ಲೇ ಎರಡು ಸಲ ಕಣ್ಣಿಗೆ ಹೊಡೆದಿದೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್ಲಿನಲ್ಲಿ ಭಾರತ ಪಾಕಿಸ್ತಾನಕ್ಕೆ 1–7ರಿಂದ ಸೋತಿತು. ಗೋಲ್‌ಕೀಪರ್ ಮೀರ್ ರಂಜನ್ ನೇಗಿ ದುಡ್ಡು ತಿಂದಿದ್ದಾರೆ ಎಂಬ ಪುಕಾರು ಎದ್ದು, ಯಾವ ಆಧಾರವೂ ಇಲ್ಲದೆ ಅವರ ಬೆನ್ನಿಗೆ ವರ್ಷಾನುಗಟ್ಟಲೆ ಅಂಟಿಕೊಂಡಿತು. ಅಂದು ಆ ತಂಡದಲ್ಲಿ ಶಾಹಿದರೂ ಇದ್ದರು. ದಗಲ್ಬಾಜಿ ಎನ್ನುವಾಗ ಕನ್ನಡವೂ ಬಾಜಿಯ ಬಾಲವನ್ನು ಹಿಡಿದುಕೊಂಡಿದೆ. ನೇಗಿಯ ವಿಷಯದಲ್ಲಿ ದಗಲ್ಬಾಜಿ ನಡೆಸಿದ್ದು ಪುಕಾರು ಹಬ್ಬಿಸಿದವರು.

ಇನ್ನೊಂದು 2008ರದು. ಭಾರತೀಯ ಹಾಕಿ ಫೆಡರೇಷನ್ನಿನ ಕಾರ್ಯದರ್ಶಿ ಆಯ್ಕೆಗಾಗಿ ಲಂಚ ತೆಗೆದುಕೊಳ್ಳುವುದನ್ನು ಟೀವಿ ವಾಹಿನಿಯೊಂದು ಗುಟ್ಟಾಗಿ ಚಿತ್ರಿಸಿತು. ಆಮಿಷಕ್ಕೆ ಬಳಸಿದ ಆಟಗಾರನ ಹೆಸರು ಕಾಶಿಯ ಲಲಿತ್ ಉಪಾಧ್ಯಾಯ, ಇನ್ನೂ ಹದಿಹರೆಯದ ಹುಡುಗ. ಅವನಿಗೆ ಇದರ ಸುಳಿವೇ ಇರಲಿಲ್ಲ. ತಾನು ಕಟ್ಟದ ಬಾಜಿಯಲ್ಲಿ ಸೋತವನಾಗಿ ಕಳಂಕ ಹೊತ್ತುಕೊಂಡ. ಹಿರಿಯರ ತಂಡದ ಬಾಗಿಲು ತೆರೆದದ್ದು 2014ರಲ್ಲಿ. 2021ರ ಆಗಸ್ಟ್ 5ರಂದು ಟೋಕಿಯೊದಲ್ಲಿ ಭಾರತ ಜರ್ಮನಿಯನ್ನು 5–4ರಿಂದ ಸೋಲಿಸಿ 41 ವರ್ಷಗಳ ಮೇಲೆ ಒಲಿಂಪಿಕ್ ಪದಕ ಪಡೆದಾಗ ಲಲಿತ್ ತಂಡದಲ್ಲಿದ್ದರು. 2024ರ ಪ್ಯಾರಿಸ್‌ನಲ್ಲಿ ಇನ್ನೊಂದು ಕಂಚು. 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಹಾಕಿಗೆ ವಿದಾಯ ಹೇಳಿದರು.