ನಾಯಿಯ ಕ್ರಯಪತ್ರವೂ ಆರೋಗ್ಯದ ಹೊಣೆಯೂ

ಮಡಕೆಯನ್ನು ಕೊಳ್ಳುವವನು ಅದನ್ನು ಬೆರಳಿನಿಂದ ತಟ್ಟಿ, ನಾದವನ್ನು ಕೇಳಿ, ಬಿರುಕಿದೆಯೋ ಇಲ್ಲವೋ ಎಂಬುದನ್ನು ಆ ಕ್ಷಣದಲ್ಲಿಯೇ ತಿಳಿದುಕೊಳ್ಳುವನು. ಪ್ರಾಣಿಯನ್ನು ಕೊಳ್ಳುವವನಿಗೆ ಈ ಅನುಕೂಲವಿಲ್ಲ. ಬಾಲವನ್ನಲ್ಲಾಡಿಸುತ್ತ ನಿಂತ ನಾಯಿಮರಿಯ ಒಡಲನ್ನು ರೋಗವು ಆಗಲೇ ಹೊಕ್ಕಿದ್ದರೂ ಅದು ಹೊರಗೆ ತೋರುವುದು ಕೆಲವು ದಿನಗಳ ಮೇಲೆ. ತಾಯಿತಂದೆಗಳಿಂದ ಬಂದ ದೋಷವಾದರೆ ಅನೇಕ ತಿಂಗಳುಗಳ ಮೇಲೆ. ಹಣವು ಕೈಬದಲಾದ ಗಳಿಗೆಗೂ ನಿಜವು ಬಯಲಾಗುವ ಗಳಿಗೆಗೂ ನಡುವಣ ಈ ಕಾಲದಲ್ಲಿ ನಷ್ಟಕ್ಕೆ ಹೊಣೆ ಯಾರು? ಪ್ರಾಣಿವಿಕ್ರಯದ ಕರಾರುಗಳ ಚರಿತ್ರೆಯೆಲ್ಲವೂ ಈ ಒಂದು ಪ್ರಶ್ನೆಗೆ ಕಂಡುಕೊಂಡ ಉತ್ತರಗಳ ಚರಿತ್ರೆಯೇ ಆಗಿದೆ.

ಭರತಖಂಡದ ಧರ್ಮಶಾಸ್ತ್ರಕಾರರು ಇದನ್ನು ‘ಕ್ರೀತಾನುಶಯ’ವೆಂದು ಕರೆದರು, ಕೊಂಡ ಮೇಲೆ ಪಶ್ಚಾತ್ತಾಪಪಡುವುದೆಂದು ಅದರ ಅರ್ಥ. ಯಾಜ್ಞವಲ್ಕ್ಯಸ್ಮೃತಿಯು ಹಾಲು ಕರೆಯುವ ಪಶುವಿಗೆ 3 ದಿನಗಳನ್ನೂ, ಹೊರೆ ಹೊರುವ ಪಶುವಿಗೆ 5 ದಿನಗಳನ್ನೂ, ಬಿತ್ತನೆಯ ಬೀಜಕ್ಕೆ 10 ದಿನಗಳನ್ನೂ ಪರೀಕ್ಷಾಕಾಲವಾಗಿ ವಿಧಿಸಿದೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಈ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಕನ್ನಡನಾಡಿನಿಂದ ಹೊರಟು ದೇಶದ ಬಹುಭಾಗಕ್ಕೆ ಪ್ರಮಾಣವಾಯಿತೆಂಬುದು ಪ್ರಸಿದ್ಧವೇ ಆಗಿದೆ. ಕರೆಯುವ ಹಸುವಿನ ಗುಣವು ಮೂರು ದಿನಗಳ ಕರಾವಿನಲ್ಲಿ ತಿಳಿಯುವುದು. ಬೀಜದ ಗುಣವು ಮೊಳೆಯುವ ತನಕ ತಿಳಿಯದು. ಅವಧಿಯು ಬೆಲೆಯನ್ನು ಅನುಸರಿಸದೆ ದೋಷವು ಅಡಗಿರಬಲ್ಲ ಕಾಲವನ್ನು ಅನುಸರಿಸಿತು.

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಈ ತತ್ತ್ವವು ಇನ್ನೂ ಸ್ಪಷ್ಟವಾಗಿದೆ. ರೋಗಿಷ್ಠ ಪ್ರಾಣಿಯನ್ನು ಆರೋಗ್ಯವುಳ್ಳದ್ದೆಂದು ಹೇಳಿ ಮಾರುವವನಿಗೆ 12 ಪಣಗಳ ದಂಡ. ಚತುಷ್ಪಾದಿಗಳನ್ನು ಹಿಂದಿರುಗಿಸಲು ಮೂರು ಪಕ್ಷಗಳ ಅವಧಿ. ಮನುಷ್ಯರಿಗೆ ಒಂದು ವರ್ಷವೆಂಬ ಮಾತೂ ಅದರ ಮಗ್ಗುಲಲ್ಲಿಯೇ ಇದೆ. ಮನುಷ್ಯನನ್ನೂ ಪಶುವನ್ನೂ ಒಂದೇ ಸಾಲಿನಲ್ಲಿಟ್ಟು ಮಾರುತ್ತಿದ್ದ ಕಾಲದ ವಿಧಿಯದು ಎಂಬುದನ್ನು ಮರೆಯತಕ್ಕದ್ದಲ್ಲ.

ರೋಮಿನಲ್ಲಿಯೂ ಹಾಗೆಯೇ. ಅಲ್ಲಿ ಸಂತೆಪೇಟೆಗಳ ಮೇಲ್ವಿಚಾರಕರಾದ ಈಡೈಲ್ ಎಂಬ ಅಧಿಕಾರಿಗಳ ಶಾಸನವು ಮೊದಲು ಗುಲಾಮರಿಗೂ ಬಳಿಕ ಹೊರೆಯ ಪಶುಗಳಿಗೂ ಅನ್ವಯಿಸಿತು. ಗುಪ್ತದೋಷವು ಕಂಡುಬಂದರೆ 6 ತಿಂಗಳೊಳಗೆ ಹಿಂದಿರುಗಿಸಬಹುದಾಗಿತ್ತು. ಇಲ್ಲವೆ 1 ವರ್ಷದೊಳಗೆ ಬೆಲೆಯಲ್ಲಿ ಕಡಿತವನ್ನು ಕೇಳಬಹುದಾಗಿತ್ತು. ದೋಷವು ತನಗೆ ತಿಳಿದಿರಲಿಲ್ಲವೆಂದು ಹೇಳಿ ಮಾರಿದವನು ಪಾರಾಗುವಂತಿರಲಿಲ್ಲ.

ನಾಯಿಯ ವಿಷಯವನ್ನು ಪ್ರತ್ಯೇಕವಾಗಿ ಬರೆದಿಟ್ಟವನು ವಾರೋ ಎಂಬ ಪಂಡಿತನು. ಕ್ರಿ. ಪೂ. 37ರಲ್ಲಿ, ಎಂಬತ್ತರ ಹೊಸ್ತಿಲಿನಲ್ಲಿ, ಆತನು ರಚಿಸಿದ ಕೃಷಿಗ್ರಂಥದಲ್ಲಿ ಒಂದೊಂದು ಪ್ರಾಣಿಯನ್ನೂ ಕೊಳ್ಳುವಾಗ ಮಾರುವವನಿಂದ ಪಡೆಯಬೇಕಾದ ಮಾತುಗಳಿವೆ. ಕುರಿಗಳಾದರೆ, ಅವು ಆರೋಗ್ಯವಾಗಿರುವುದಲ್ಲದೆ ರೋಗದ ಹಿಂಡಿನಿಂದ ಬಂದವುಗಳಲ್ಲವೆಂದೂ ಮಾತು ಕೊಡಬೇಕು. ಆಡುಗಳಿಗೆ ಮಾತ್ರ ಪೂರ್ಣಾರೋಗ್ಯದ ಮಾತನ್ನು ಬುದ್ಧಿಯಿದ್ದವನಾರೂ ಕೊಡನು. ಅವಕ್ಕೆ ಜ್ವರ ಬಿಡುವುದೇ ಇಲ್ಲವೆಂದು ಆತನ ನಂಬಿಕೆ. ನಾಯಿಗಳಿಗೆ ಆರೋಗ್ಯದ ಮತ್ತು ಹಾನಿಯ ವಿಷಯದಲ್ಲಿ ಇತರ ಪಶುಗಳಿಗಿರುವ ಕರಾರೇ ಸಲ್ಲುವುದು. ಕೆಲವರು ತಲೆಗಿಷ್ಟೆಂದು ಬೆಲೆ ಕಟ್ಟುವರು. ಕೆಲವರು ಎರಡು ಮರಿಗಳನ್ನು ಒಂದು ನಾಯಿಯಾಗಿ ಎಣಿಸುವರು. ಒಟ್ಟಿಗೆ ಬೆಳೆದ ನಾಯಿಗಳು ಒಟ್ಟಿಗೇ ಬರಬೇಕೆಂದು ಬಹುಮಂದಿ ಗೊತ್ತುಮಾಡಿಕೊಳ್ಳುವರು.

ಅದೇ ಗ್ರಂಥದಲ್ಲಿ ಔಫಿಡಿಯಸ್ ಪೊಂಟಿಯಾನಸ್ ಎಂಬವನ ಕಥೆಯೊಂದಿದೆ. ಅವನು ದೂರದ ಉಂಬ್ರಿಯಾದಲ್ಲಿ ಕುರಿಹಿಂಡುಗಳನ್ನು ನಾಯಿಗಳ ಸಮೇತ ಕೊಂಡನು. ಕುರುಬರು ಕ್ರಯಕ್ಕೆ ಸೇರಿರಲಿಲ್ಲ. ಕುರುಬರು ಹಿಂಡನ್ನು ದಕ್ಷಿಣ ಇಟಲಿಯ ಹುಲ್ಲುಗಾವಲಿಗೆ ಮುಟ್ಟಿಸಿ ಮನೆಗೆ ಮರಳಿದರು. ಕೆಲವೇ ದಿನಗಳಲ್ಲಿ ನಾಯಿಗಳು ತಮ್ಮ ಜನರನ್ನು ಹಂಬಲಿಸಿ, ಹೊಲಗಳಲ್ಲಿ ಸಿಕ್ಕಿದ್ದನ್ನು ತಿನ್ನುತ್ತ, ಅನೇಕ ದಿನಗಳ ದಾರಿಯನ್ನು ನಡೆದು ಉಂಬ್ರಿಯಾಕ್ಕೆ ಹಿಂದಿರುಗಿದುವು. ಕ್ರಯದಲ್ಲಿ ದೋಷವಿರಲಿಲ್ಲ, ನಾಯಿಗಳಲ್ಲಿಯೂ ರೋಗವಿರಲಿಲ್ಲ. ಆದರೂ ಕೊಂಡವನ ಕೈಗೆ ನಾಯಿಗಳು ದಕ್ಕಲಿಲ್ಲ.

ಇಂಗ್ಲೆಂಡಿನ ನ್ಯಾಯವು ಬೇರೆ ದಾರಿಯನ್ನು ಹಿಡಿಯಿತು. ಕೊಳ್ಳುವವನೇ ಕಣ್ತೆರೆದು ನೋಡಿಕೊಳ್ಳಲಿ ಎಂಬುದು ಅಲ್ಲಿನ ಸೂತ್ರವು. 1878ರಲ್ಲಿ ಲಾರ್ಡುಗಳ ಸಭೆಯ ಮುಂದೆ ಬಂದ ವಾರ್ಡ್ ಮತ್ತು ಹಾಬ್ಸ್ ಮೊಕದ್ದಮೆಯಲ್ಲಿ, ಸಂತೆಗೆ ತಂದ ಹಂದಿಗಳನ್ನು ‘ಇದ್ದ ದೋಷಗಳೊಡನೆ’ ಎಂಬ ಷರತ್ತಿನ ಮೇಲೆ ಮಾರಲಾಗಿತ್ತು. ಅವುಗಳ ಅಂಟುರೋಗವು ಕೊಂಡವನ ಇತರ ಹಂದಿಗಳಿಗೂ ತಗುಲಿತು. ಆದರೂ ಆ ಒಂದು ಷರತ್ತಿನ ಬಲದಿಂದ ಮಾರಿದವನು ಗೆದ್ದನು. ಹೊಣೆಯನ್ನು ನಿರಾಕರಿಸುವ ನಾಲ್ಕು ಮಾತುಗಳಿಗೆ ಎಷ್ಟು ಶಕ್ತಿಯಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ತಳಿನಾಯಿಗಳ ವ್ಯಾಪಾರವು ಬೆಳೆದಂತೆ ಹಳೆಯ ಪ್ರಶ್ನೆಯು ಮತ್ತೆ ತಲೆಯೆತ್ತಿತು. ಪಾರ್ವೊ ರೋಗವು ಸೋಂಕಿದ ಕೆಲವೇ ದಿನಗಳಲ್ಲಿ ತೋರಿಕೊಳ್ಳುವುದು. ಸೊಂಟದ ಕೀಲಿನ ವಂಶಾಗತ ವಿಕಲತೆಯಾದರೋ ನಾಯಿಯು ಬೆಳೆದ ಮೇಲೆಯೇ ಪೂರ್ಣವಾಗಿ ನಿರ್ಣಯವಾಗುವುದು. ಆದುದರಿಂದ ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದ ಶಾಸನವು ತಳಿಗಾರರಿಗೆ ಎರಡು ಅವಧಿಗಳನ್ನು ವಿಧಿಸಿದೆ: ರೋಗಕ್ಕೆ 15 ದಿನಗಳು, ಹುಟ್ಟಿನಿಂದ ಬಂದ ದೋಷಕ್ಕೆ 1 ವರ್ಷ. ಅಲ್ಲದೆ ಮರಿಯನ್ನು ಸಾಕುವ ಮೊದಲು ತಾಯಿತಂದೆಗಳ ಕೀಲುಗಳ ಕ್ಷಕಿರಣಪರೀಕ್ಷೆಯ ಪತ್ರವನ್ನು ಕೇಳುವ ರೂಢಿಯೂ ಬೆಳೆದಿದೆ. ರೋಗದ ಹಿಂಡಿನಿಂದ ಬಂದುದಲ್ಲವೆಂಬ ವಾರೋನ ಕರಾರೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆ. ಭಾರತದಲ್ಲಿ 2017ರ ನಿಯಮಗಳು ತಳಿಗಾರರ ನೋಂದಣಿಯನ್ನು ಕಡ್ಡಾಯಗೊಳಿಸಿ, ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು ವಿಧಿಸಿದುವು.

ಇವೆಲ್ಲವುಗಳಲ್ಲಿ ನಿಜವಾಗಿ ಹೊಸದಾದುದು ಒಂದೇ. ಪ್ರಾಚೀನರ ಪರಿಹಾರವು ಮುಖ್ಯವಾಗಿ ಹಿಂದಿರುಗಿಸುವುದಾಗಿತ್ತು. ಆದರೆ ಹದಿನೈದು ದಿನ ಮಕ್ಕಳ ಮಗ್ಗುಲಲ್ಲಿ ಮಲಗಿದ ಮರಿಯನ್ನು ಒಡೆದ ಮಡಕೆಯಂತೆ ಅಂಗಡಿಗೆ ಒಯ್ಯಲು ಯಾರಿಗೆ ಮನಸ್ಸು ಬಂದೀತು? ಇದನ್ನರಿತ ಕ್ಯಾಲಿಫೋರ್ನಿಯಾದ ಶಾಸನವು, ಮರಿಯನ್ನು ಮನೆಯಲ್ಲಿಯೇ ಇಟ್ಟುಕೊಂಡು ಕ್ರಯದ ಒಂದೂವರೆ ಪಾಲಿನವರೆಗೆ ಚಿಕಿತ್ಸೆಯ ವೆಚ್ಚವನ್ನು ಮಾರಿದವನಿಂದ ಪಡೆಯಲು ಅವಕಾಶವನ್ನು ಕಲ್ಪಿಸಿದೆ. ಉಂಬ್ರಿಯಾದ ನಾಯಿಗಳು ಎರಡು ಸಾವಿರ ವರ್ಷಗಳ ಹಿಂದೆ ನಡೆದು ತೋರಿಸಿದ ಮಮತೆಯನ್ನು, ಕ್ರಯಪತ್ರವು ಕೊನೆಗೆ ಇಷ್ಟರ ಮಟ್ಟಿಗಾದರೂ ಲೆಕ್ಕಕ್ಕೆ ತೆಗೆದುಕೊಂಡಿತು.